ಬೀರಮ್ಮ ಮೆತ್ತಿದ ಗೋಡೆ

ಮಣ್ಣು ಉದುರುವ ಸಣ್ಣ ಸದ್ದು. ಸೇರಿನಿಂದ ರಾಗಿ ಸುರಿಯುತ್ತಿದ್ದವರು ನಡುವೆ ಕೈ ತಡೆದಂತೆ, ಜರ್ರೆಂದು ಬಂದು ನಿಂತಿತು. ಪ್ರಮೀಳಾ ಕಣ್ಣು ತೆರೆಯದೆಯೇ ಪಕ್ಕದಲ್ಲಿ ತಡವಿದಳು. ಮಧುಶ್ರೀ ನಿದ್ದೆಯಲ್ಲಿ ಹೊರಳುತ್ತ ಹೊರಳುತ್ತ ಗೋಡೆಗೆ ಅಂಟಿಕೊಂಡು ಮಲಗಿದ್ದಳು. ಮಗುವನ್ನು ಎಳೆದು ತನ್ನ ಈಚೆ ಬದಿಗೆ ಹಾಕಿಕೊಂಡು, ತಾನು ಗೋಡೆಯ ಕಡೆ ಸರಿದು, ಮತ್ತೆ ಬರಬಹುದಾದ ಸದ್ದಿಗಾಗಿ ಉಸಿರು ಹಿಡಿದಳು. ನಟರಾಜು ಗೊರಕೆ ಹೊಡೆಯುತ್ತಿದ್ದ. ನಡುಮನೆಯಲ್ಲಿ ಅತ್ತೆ ಬೀರಮ್ಮ ಒಮ್ಮೆ ಕೆಮ್ಮಿ ಸುಮ್ಮನಾದಳು. ಈ ಸದ್ದು ಹೊಸದಲ್ಲ. ಹೋದ ಮಳೆಗಾಲದಿಂದ ಈ ಹಿಂದಿನ ಕೋಣೆಯ ಗೋಡೆ ರಾತ್ರಿ ಹೊತ್ತು ಹೀಗೆ ಉದುರುತ್ತಿತ್ತು. ಬೆಳಿಗ್ಗೆ ಎದ್ದರೆ ಬುಡದಲ್ಲಿ ಸಣ್ಣ ಮಣ್ಣಿನ ಗುಪ್ಪೆ. ಬೀರಮ್ಮ ಅದನ್ನು ಅಂಗೈಯಲ್ಲಿ ಬಳಿದು, ನೀರು ಚಿಮುಕಿಸಿ, ಅದೇ ಗೋಡೆಗೆ ಮತ್ತೆ ಮೆತ್ತುತ್ತಿದ್ದಳು, ಮಗುವಿನ ಬಾಯಿಂದ ಜಾರಿದ ಅನ್ನವನ್ನು ಬೆರಳಿನಲ್ಲಿ ಬಳಿದು ಬಾಯಿಗೇ ಇಡುವ ಹಾಗೆ. ಇವತ್ತು ಮಾತ್ರ ನೆಲಕ್ಕೆ ಏನೂ ಬೀಳಲಿಲ್ಲ. ಪ್ರಮೀಳಾ ಕತ್ತಲಲ್ಲಿ ಗೋಡೆಗೆ ಅಂಗೈ ಇಟ್ಟಳು. ತಣ್ಣಗೆ, ನುಣ್ಣಗೆ, ಹಸಿ ಸಗಣಿ ವಾಸನೆ. ಮಣ್ಣು ಈಗ ಗೋಡೆಯ ಒಳಗೊಳಗೇ, ನಿನ್ನೆ ತಾನೇ ಮೆತ್ತಿದ ಹೊಸ ಮೈಯ ಹಿಂದೆ, ಹೊರಗೆ ಬರಲು ದಾರಿ ಕಾಣದೆ ಉದುರುತ್ತಿತ್ತು.

ಬೆಳಗಾದರೆ ಹುಣಸೂರಿನಿಂದ ಎಂಜಿನಿಯರ್ ಬರುತ್ತಾರೆ. ಬಡವರ ಮನೆ ದುರಸ್ತಿಗೆ ಸರ್ಕಾರ ಕೊಡುವ ಸಹಾಯಧನದ ಪಟ್ಟಿಯಲ್ಲಿ ಇವರ ಹೆಸರು ಬಂದಿದೆ. ಅವರು ಕಣ್ಣಾರೆ ನೋಡಿ ಹೌದು ಅಂದರೆ ಮಳೆ ಹಿಡಿಯುವ ಮುಂಚೆ ಈ ಗೋಡೆಯನ್ನು ಕೆಡವಿ ಇಟ್ಟಿಗೆಯಲ್ಲಿ ಎಬ್ಬಿಸಬಹುದು. ಇಲ್ಲ ಅಂದರೆ ಇನ್ನೊಂದು ಮಳೆಗಾಲ ಪೂರ್ತಿ ಮಗುವನ್ನು ಇದರ ಪಕ್ಕ ಮಲಗಿಸಿಕೊಂಡು ಕಿವಿ ನಿಮಿರಿಸಿ ಕಾಯಬೇಕು. ಬೇರೆ ಎಲ್ಲಿ ಮಲಗುವುದು? ನಡುಮನೆಯ ಅರ್ಧ ರಾಗಿ ಚೀಲ, ಗೊಬ್ಬರದ ಚೀಲ, ಮಿಕ್ಕ ಅರ್ಧದಲ್ಲಿ ಅತ್ತೆ.

ಅರ್ಜಿ ಬರೆದವಳು ಅವಳೇ. "ನೀನ್ ಓದ್ದೋಳು, ಚೆಂದಾಗಿ ಬರಿ," ಎಂದು ನಟರಾಜು ಕಾಗದ ತಂದುಕೊಟ್ಟಿದ್ದ. ಕಾಲೇಜಿನಲ್ಲಿ ಐಚ್ಛಿಕ ಕನ್ನಡ ಓದಿದ್ದ ಪ್ರಮೀಳಾಗೆ ಮದುವೆಯಾದ ಮೇಲೆ ಬರೆಯಲು ಸಿಕ್ಕ ಮೊದಲ ನೆಪ ಅದು. 'ಗೋಡೆ ಶಿಥಿಲವಾಗಿದೆ' ಎಂದು ಬರೆದು ಹೊಡೆದುಹಾಕಿದಳು. ಓದುವವರಿಗೆ ಅದು ಸಾಲದು ಅನ್ನಿಸಿತು. 'ದುರಸ್ತಿಯ ಅಗತ್ಯವಿದೆ' ಎಂದರೆ ಯಾವ ಮನೆಗಿಲ್ಲ? ಕೊನೆಗೆ ಹಳೆಯ ಶಾಲಾ ಕಟ್ಟಡದ ಬಾಗಿಲಿಗೆ ಅಂಟಿಸಿದ್ದ ಚೀಟಿಯ ಮಾತು ನೆನಪಾಯಿತು. 'ಸದರಿ ಮನೆಯು ವಾಸಕ್ಕೆ ಯೋಗ್ಯವಾಗಿರುವುದಿಲ್ಲ.' ಬರೆದು, ತಲೆ ಓರೆ ಮಾಡಿ ಓದಿಕೊಂಡಳು. ಆ ವಾಕ್ಯದ ತೂಕ ಅವಳಿಗೆ ಹಿಡಿಸಿತ್ತು. ಈಗ ನೆನೆದರೆ ಮನಸ್ಸು ಹಿಂಡುವುದು ಬರೆದದ್ದಕ್ಕಿಂತ ಹೆಚ್ಚಾಗಿ ಅದೇ: ಬರೆಯುವಾಗ ಖುಷಿಯಾಗಿತ್ತು. ಗ್ರಾಮಸಭೆಯಲ್ಲಿ ಅರ್ಜಿಗಳನ್ನು ಒಂದೊಂದಾಗಿ ಓದುತ್ತಾರೆಂದು ಗೊತ್ತಿರಲಿಲ್ಲ. ಅದೂ ಬೇವಿನ ಮರಕ್ಕೆ ಕಟ್ಟಿದ ಮೈಕಿನಲ್ಲಿ. ಕಾರ್ಯದರ್ಶಿ ಮೂಗಿನಲ್ಲಿ ರಾಗ ಎಳೆದು, "ಬೀರಮ್ಮ ಕೋಂ ಲೇಟ್ ಮಂಟಯ್ಯ, ಸದರಿ ಮನೆಯು ವಾಸಕ್ಕೆ ಯೋಗ್ಯವಾಗಿರುವುದಿಲ್ಲ," ಎಂದು ಓದಿದಾಗ ಹೆಂಗಸರ ಸಾಲಿನಲ್ಲಿ ಕೂತಿದ್ದ ಬೀರಮ್ಮ ಸೆರಗನ್ನು ತಲೆ ಮೇಲೆ ಎಳೆದುಕೊಂಡಳು. ಮಾರನೆಯ ದಿನ ನಲ್ಲಿಯ ಹತ್ತಿರ ಎದುರುಮನೆಯ ರಾಚಮ್ಮ, "ಏನ್ ಬೀರಕ್ಕ, ವಾಸಕ್ಕೆ ಯೋಗ್ಯ ಇಲ್ದಿದ್ ಮನೇಲಿ ಇಷ್ಟ್ ಕಾಲ ಎಂಗವ್ವ ಬಾಳ್ದೆ? ನಮ್ ಕೊಟ್ಗೆ ಖಾಲಿ ಅದೆ, ಬಂದ್ಬುಡು," ಎಂದಳು. "ನಿನ್ ಕೊಟ್ಗೆಗೆ ನೀನೊಬ್ಳೇ ಸಾಕು ಬುಡವ್ವ," ಎಂದು ಬೀರಮ್ಮ ತಿರುಗಿ ಕೊಟ್ಟು, ಎಲ್ಲರೊಂದಿಗೆ ತಾನೂ ನಕ್ಕು, ಬಿಂದಿಗೆ ಹೊತ್ತು ಬಂದಿದ್ದಳು. ಬಿಂದಿಗೆ ಇಳಿಸಿದ ಮೇಲೆ ನಗು ಇರಲಿಲ್ಲ.

"ಅಮ್ಮೀ, ಅದ್ಯಾಕೆ ಅಂಗ್ ಬರ್ದೆ?"

"ಹಾಗೇ ಬರೀಬೇಕು ಅತ್ತೆ. ಇಲ್ಲದಿದ್ರೆ ಕೊಡಲ್ಲ."

"ಕೊಡ್ದಿದ್ರೆ ಬುಡ್ಲಿ. ನಿಮ್ ಮಾವ ಈ ಮನೇಲೇ ಪ್ರಾಣ ಬುಟ್ಟ. ಯೋಗ್ಯ ಇಲ್ದಿದ್ ಕಡೆ ಬುಟ್ನಾ?"

ಮತ್ತೆ ಆ ಮಾತು ಎತ್ತಲಿಲ್ಲ. ಮುದ್ದೆ ಬಡಿಸುವಾಗ, ಮಗುವಿಗೆ ತಲೆ ಬಾಚುವಾಗ, ಎಂದಿನಂತೆಯೇ ಇದ್ದಳು. ಅದೇ ಪ್ರಮೀಳಾಗೆ ಭಯ. ಅತ್ತೆ ಬೈದಿದ್ದರೆ ಆ ಬೈಗುಳಕ್ಕೆ ಒಂದು ಉತ್ತರ ಹುಡುಕಿಕೊಳ್ಳಬಹುದಿತ್ತು. ನಿನ್ನೆ ಬೆಟ್ಟದಪುರದ ತವರಿಗೆ ಹೋಗಿ ಸಂಜೆ ಬಸ್ಸಿಗೆ ಮಗುವಿನೊಂದಿಗೆ ಬಂದಿಳಿದರೆ ಮನೆಯ ಗುರುತೇ ಸಿಗಲಿಲ್ಲ. ಮುಂದಿನ ಗೋಡೆಗೆ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ, ಒಳಗೆ ಬಿರುಕು ಬಿಟ್ಟಿದ್ದ ಕಡೆಯೆಲ್ಲ ಮಣ್ಣು ಸಗಣಿ ಕಲಸಿ ಮೆತ್ತಿ, ಹಿಂದಿನ ಕೋಣೆಯ ಗೋಡೆಯಂತೂ ಆಗಷ್ಟೆ ಸ್ನಾನ ಮಾಡಿ ಬಂದ ಹಾಗೆ ಹೊಳೆಯುತ್ತಿತ್ತು. ಮಧ್ಯದಲ್ಲಿ ಬೀರಮ್ಮ, ಮೊಣಕೈವರೆಗೆ ಕೆಸರು, ಹಣೆಯ ಕೂದಲಿಗೆ ಸಗಣಿ. "ಎಂಗದೆ?" ಎಂದು ಕೇಳಿದ ಅವಳ ಮುಖದಲ್ಲಿ ಒಂದು ಹಟವೂ, ಹಟದ ಕೆಳಗೆ ಚಿಕ್ಕ ಹುಡುಗಿಯ ಆಸೆಯೂ ಇತ್ತು. "ಚೆನ್ನಾಗಿದೆ ಅತ್ತೆ," ಎಂದಳು ಪ್ರಮೀಳಾ. ಹಿತ್ತಲಲ್ಲಿ ನಟರಾಜು ತಲೆ ಮೇಲೆ ಕೈಹೊತ್ತು ಕೂತಿದ್ದ. "ನಾನ್ ಬ್ಯಾಡಾ ಅಂದೆ ಕಣೆ. ಸರ್ಕಾರ್ದೋರು ಬಾಗ್ಲಿಗೆ ಬತ್ತಾರೆ, ಮನೆ ಅಂಗೇ ಬುಟ್ರೆ ನಮ್ಗೆ ಮಾನ ಇಲ್ವೇನ್ಲಾ ಅಂದ್ಳು. ನೀನಾದ್ರೂ ಏಳು." "ನಿಮ್ಮಮ್ಮ, ನೀವೇ ಹೇಳಿ." "ಬರ್ದೋಳು ನೀನು."

ಹೇಳಬೇಕಾದದ್ದು ಇಷ್ಟೇ: ಅತ್ತೆ, ಬರುವವರು ನೆಂಟರಲ್ಲ, ಅವರಿಗೆ ಬೇಕಾದದ್ದು ಬಿರುಕು. ಆದರೆ ಅದನ್ನು ಹೇಳಲು ಹೊರಟಾಗಲೆಲ್ಲ ಪ್ರಮೀಳಾಗೆ ತನ್ನನ್ನು ನೋಡಲು ಬಂದ ದಿನ ಅಡ್ಡ ಬರುತ್ತಿತ್ತು. ಬೆಟ್ಟದಪುರದ ಮನೆಯ ಗೋಡೆಯೂ ಹೀಗೇ ಬಾಯಿ ಬಿಟ್ಟಿತ್ತು. ಅವ್ವ ತನ್ನ ಧಾರೆ ಸೀರೆಯನ್ನು ಅದಕ್ಕೆ ಅಡ್ಡ ಇಳಿಬಿಟ್ಟು, ಮೇಲೆ ಒಂದು ದೇವರ ಕ್ಯಾಲೆಂಡರು ನೇತುಹಾಕಿದ್ದಳು. ಗಂಡಿನ ಕಡೆಯವರು ಚಾಪೆಯ ಮೇಲೆ ಕೂತು ಉಪ್ಪಿಟ್ಟು ತಿನ್ನುವಾಗ ಬೆಟ್ಟದ ಕಡೆಯಿಂದ ಗಾಳಿ ಬಂತು. ಸಂದಿಯಿಂದ ನುಗ್ಗಿದ ಗಾಳಿಗೆ ಸೀರೆ ಉಬ್ಬಿತು, ಕ್ಯಾಲೆಂಡರು ಪಟಪಟ ಬಡಿಯಿತು. ಅವ್ವನ ಮುಖ ಬಿಳಿಚಿಕೊಂಡಿತು. ಆಗ ಗಂಡಿನ ತಾಯಿ, ಇದೇ ಬೀರಮ್ಮ, "ಅಯ್ಯೊ ಬೆನ್ನು ಕಣವ್ವ, ಒಸಿ ಒರಗ್ಕತೀನಿ," ಎಂದು ತಟ್ಟೆಯನ್ನೂ ಎಳೆದುಕೊಂಡು ಸರಿದು ಹೋಗಿ ಆ ಸೀರೆಗೆ ಬೆನ್ನು ಕೊಟ್ಟು ಕೂತಳು. ಅವರು ಎದ್ದು ಹೋಗುವವರೆಗೂ ಕೂತೇ ಇದ್ದಳು. ಕಾಫಿ ಲೋಟ ಕೊಡಲು ಬಗ್ಗಿದ ಪ್ರಮೀಳಾ, ಅವಳ ಬೆನ್ನು ಎಲ್ಲಿಯೂ ಒರಗಿಲ್ಲದೆ, ಟೊಳ್ಳು ಜಾಗದ ಮುಂದೆ ಸೆಟೆದು ನಿಂತಿದ್ದನ್ನು ಕಂಡಿದ್ದಳು. ಅದರ ಬಗ್ಗೆ ಬೀರಮ್ಮ ಆವತ್ತಿನಿಂದ ಇವತ್ತಿನವರೆಗೆ ಒಂದು ಮಾತು ಆಡಿಲ್ಲ. ಅಂಥವಳಿಗೆ ಹೋಗಿ ಬಿರುಕು ತೋರಿಸಿ ಅನ್ನುವುದು ಹೇಗೆ?

ಬೆಳಿಗ್ಗೆ ಎದ್ದರೆ ಬಾಗಿಲಿಗೆ ಮಾವಿನ ಸೊಪ್ಪಿನ ತೋರಣ. ಅಂಗಳದ ತುಂಬ ರಂಗೋಲಿ. ನಟರಾಜು ಹೊಗೆಸೊಪ್ಪಿನ ಸಸಿ ತರಬೇಕೆಂದು ಮೊದಲ ಬಸ್ಸಿಗೇ ಪಿರಿಯಾಪಟ್ಟಣದ ಕಡೆ ಹೋಗಿಬಿಟ್ಟಿದ್ದ. ಸಸಿ ನಾಳೆ ತಂದರೂ ಆಗುತ್ತಿತ್ತು. "ಅಮ್ಮೀ, ಎಮ್ಮೆಯ ಆ ರಾಚಮ್ಮನ್ ಹುಣ್ಸೆ ಮರಕ್ ಕಟ್ಬುಟ್ ಬಾ. ಸಾಯೇಬ್ರು ಬಂದಾಗ ಸಗಣಿ ಆಕ್ದ್ರೆ ಏನ್ ಚೆಂದ," ಎಂದಳು ಬೀರಮ್ಮ. ಎಮ್ಮೆಯನ್ನು ಹೊಡೆದುಕೊಂಡು ಬೀದಿ ದಾಟುವಾಗ ಪ್ರಮೀಳಾ ಎಂಜಿನಿಯರಿಗೆ ಹೇಳಬೇಕಾದ ವಾಕ್ಯವನ್ನು ಜೋಡಿಸಿಕೊಳ್ಳುತ್ತಿದ್ದಳು. 'ಮೇಲೆ ಮೆತ್ತಿದ್ದು ಹೊಸದು ಸರ್, ಒಳಗೆ ಗೋಡೆ ಸತ್ತಿದೆ.' ಸತ್ತಿದೆ ಬೇಡ. 'ಒಳಗೆ ಗಟ್ಟಿಯಿಲ್ಲ.' ಅತ್ತೆ ಮಜ್ಜಿಗೆ ತರಲು ಒಳಗೆ ಹೋದಾಗ, ಮೆಲ್ಲಗೆ, ಅವರಿಗೆ ಮಾತ್ರ ಕೇಳುವ ಹಾಗೆ ಹೇಳಬೇಕು.

ಪಂಚಾಯ್ತಿ ಮೆಂಬರು ಕುಳ್ಳಯ್ಯನನ್ನು ಹಿಂದೆ ಕೂರಿಸಿಕೊಂಡು ಮೋಟಾರ್ ಬೈಕಿನಲ್ಲಿ ಬಂದ ಎಂಜಿನಿಯರ್ ನೀಲಕಂಠಸ್ವಾಮಿ ಪ್ರಮೀಳಾ ಅಂದುಕೊಂಡಂತಿರಲಿಲ್ಲ. ಸಣ್ಣ ವಯಸ್ಸು, ಮೈಸೂರಿನ ಹುಡುಗ, ರಂಗೋಲಿ ತುಳಿಯದಂತೆ ಅಂಗಳದ ಅಂಚಿನಲ್ಲೇ ಕಾಲಿಟ್ಟು ಬಂದ. ತೋರಣ ನೋಡಿ ಕುಳ್ಳಯ್ಯ, "ಏನ್ ಬೀರಕ್ಕ, ಯಾರ್ ಮದ್ವೆ? ನಂಗೊಂದ್ ಮಾತೂ ಏಳ್ನಿಲ್ಲ," ಎಂದ. "ನಿಂದೇ ಕಣ್ಲಾ, ಹೆಣ್ ಒಳ್ಗವ್ಳೆ, ಹಲ್ ಉಜ್ಕೊಂಡ್ ಬಾ," ಎಂದಳು ಬೀರಮ್ಮ. ಎಂಜಿನಿಯರ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಬೀರಮ್ಮನಿಗೆ ಅವನು ಅಲ್ಲೇ ಹಿಡಿಸಿಬಿಟ್ಟ. "ಬನ್ನಿ ಸಾಮಿ," ಎಂದು ಒಂದೊಂದೇ ಗೋಡೆ ತೋರಿಸುತ್ತ ಹೋದಳು, ಒಂದೊಂದೇ ಮಗಳನ್ನು ಕರೆದು ತೋರಿಸುವ ಹಾಗೆ. ಇದು ಮುಂದಿನ ಗೋಡೆ, ಗಂಡ ಮಂಟಯ್ಯ ಮದುವೆಗೆ ಮುಂಚೆ ಎಬ್ಬಿಸಿದ್ದು. ಇದು ಆಮೇಲಿನದು. ಹಿಂದಿನ ಕೋಣೆಯದು ತಾನೂ ಅವನೂ ಕೂಡಿ ಮಣ್ಣು ತುಳಿದು, ಒಂದು ಮೊಳ ಹಾಕಿ ಒಣಗಲು ಬಿಟ್ಟು, ಮತ್ತೊಂದು ಮೊಳ ಹಾಕಿ ಎತ್ತಿದ್ದು. "ಆಗ ಇವನ್ ಹೊಟ್ಟೇಲಿದ್ದ, ನಟ್ರಾಜ. ಬ್ಯಾಡ ಕಣಮ್ಮಿ ತುಳೀಬ್ಯಾಡ ಅಂದ್ರೂ ಕೇಳ್ನಿಲ್ಲ ನಾನು." ಎಂಜಿನಿಯರ್ ಕೋಣೆಯ ಬಾಗಿಲಲ್ಲೇ ನಿಂತು ಗೋಡೆಯನ್ನು ಮೇಲಿನಿಂದ ಕೆಳಗೆ ನೋಡಿದ. ಪ್ರಮೀಳಾಗೆ ಆ ಗೋಡೆ ಉಸಿರು ಬಿಗಿಹಿಡಿದು ನಿಂತಂತೆ ಕಂಡಿತು. "ಚೆನ್ನಾಗಿ ಮೆತ್ತಿದ್ದೀರಮ್ಮ," ಎಂದ ಅವನು. ಬೀರಮ್ಮ ಪ್ರಮೀಳಾಳ ಕಡೆ ತಿರುಗಿ ನೋಡಿದಳು. ಕೇಳಿಸಿತಾ, ಎಂದು ಆ ನೋಟ.

ಜಗುಲಿಗೆ ಬಂದು ಕೂತ ಮೇಲೆ ಅವನು ಕಾಗದ ತೆಗೆದು, ಪೆನ್ನಿನಿಂದ ಗಲ್ಲ ಕೆರೆದುಕೊಂಡ. ಬೀರಮ್ಮ ಮಜ್ಜಿಗೆ ತರಲು ಒಳಗೆ ಹೋದಳು. ಈಗ, ಎಂದುಕೊಂಡಳು ಪ್ರಮೀಳಾ. ಚಾಪೆಯ ಅಂಚನ್ನು ಸುಮ್ಮನೆ ಸರಿಮಾಡಿದಳು.

"ನಾನು ಕಣ್ಣಿಗೆ ಕಂಡಿದ್ದು ಬರೀಬೇಕು ಮೆಂಬರೇ," ಎಂದು ಅವನು ಕುಳ್ಳಯ್ಯನಿಗೆ ಹೇಳಿದ. "ಬಿರುಕಿಲ್ಲ, ವಾಲಿಲ್ಲ. ಇದಕ್ಕಿಂತ ಕೆಟ್ಟ ಮನೆ ಬೆಳಿಗ್ಗೆಯಿಂದ ಎಷ್ಟೋ ನೋಡಿದೆ. ಇಲ್ಲಿ ನೋಡಿದ್ರೆ," ಎಂದು ಅರ್ಜಿಯ ಮೇಲೆ ಬೆರಳಿಟ್ಟು, "ಸದರಿ ಮನೆಯು ವಾಸಕ್ಕೆ ಯೋಗ್ಯವಾಗಿರುವುದಿಲ್ಲ. ಯಾರು ಬರೆದಿದ್ದು ಇದನ್ನ?"

ಮಜ್ಜಿಗೆ ಚೊಂಬು ಹಿಡಿದು ಬೀರಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಮೈಕಿನಲ್ಲಿ ಕೇಳಿದ ಮಾತು ಈಗ ಅವಳ ಸ್ವಂತ ಜಗುಲಿಯಲ್ಲಿ, ಅವಳೇ ಹಾಸಿದ ಚಾಪೆಯ ಮೇಲೆ ಕೂತವನ ಬಾಯಿಂದ ಎರಡನೇ ಸಲ ಕೇಳಿಸಿತ್ತು. ಅವಳ ಕಣ್ಣು ನೆಲಕ್ಕಿಳಿದದ್ದನ್ನು ಪ್ರಮೀಳಾ ನೋಡಿದಳು. ಬೀದಿಯುದ್ದಕ್ಕೂ ಕಟ್ಟಿಕೊಂಡು ಬಂದ ವಾಕ್ಯ ಗಂಟಲಲ್ಲೇ ಇತ್ತು. ಬಾಯಿ ತೆರೆದರೆ ಬೇರೆಯೇ ಬಂತು.

"ನಾನೇ ಸರ್. ಆ ಮಾತು ಹೆಚ್ಚಾಯ್ತು. ನಮ್ಮತ್ತೆ ಮನೇನ ಚೆನ್ನಾಗಿಯೇ ಇಟ್ಕೊಂಡಿದ್ದಾರೆ."

"ಏನವ್ವಾ ನೀನು, ಓದ್ದೋಳಾಗಿ ಬಾಯ್ಗ್ ಬಂದ ತುತ್ತ ಉಗೀತಿದ್ದೀಯಲ್ಲ!" ಎಂದ ಕುಳ್ಳಯ್ಯ. ಎಂಜಿನಿಯರ್ ಅವಳನ್ನೊಮ್ಮೆ ಅಚ್ಚರಿಯಿಂದ ನೋಡಿ ಪೆನ್ನಿನ ಮುಚ್ಚಳ ತೆಗೆದ. ಹೇಳಿ ಮುಗಿಸಿದ ಮೇಲೆ ಪ್ರಮೀಳಾಗೆ ತಾನು ಆಡಿದ್ದು ಕೇಳಿಸಿತು. ಏನು ಮಾಡಿದೆ? ಮಗುವಿನ ತಲೆಯ ಮೇಲಿನ ಗೋಡೆಯನ್ನು ಒಂದು ಒಳ್ಳೆಯ ಮಾತಿಗೆ ಮಾರಿಬಿಟ್ಟೆನೆ? ಒಮ್ಮೆ ಬರೆದು ಕೆಡಿಸಿದೆ, ಈಗ ಆಡಿ ಕೆಡಿಸಿದೆ. ಗಂಡನಿಗೆ ಏನು ಹೇಳಲಿ? ಹೀಗೆಲ್ಲ ಯೋಚಿಸುತ್ತಲೇ, ಅತ್ತೆ ಚೊಂಬನ್ನು ಕೆಳಗಿಟ್ಟು ತನ್ನನ್ನೇ ನೋಡುತ್ತಿರುವುದು ಅವಳ ಅರಿವಿಗೆ ಬಂತು. ಬೀರಮ್ಮ ಏನೋ ಒಂದನ್ನು ಆಗಷ್ಟೇ ಅರ್ಥ ಮಾಡಿಕೊಂಡವಳಂತೆ, ಸೊಸೆಯ ಮುಖದಿಂದ ಎಂಜಿನಿಯರನ ಪೆನ್ನಿಗೂ, ಪೆನ್ನಿನಿಂದ ಸೊಸೆಯ ಮುಖಕ್ಕೂ ಕಣ್ಣು ಹೊರಳಿಸಿದಳು. "ಒಸಿ ಮಜ್ಗೆ ಕುಡೀರಿ ಸಾಮಿ, ಆಮೇಲ್ ಬರೀರಂತೆ," ಎಂದಳು. "ಅಮ್ಮೀ, ಬಗ್ಸಿ ಕೊಡು." ಒಳಗೆ ಹೋದಳು. ಪ್ರಮೀಳಾ ಲೋಟಕ್ಕೆ ಮಜ್ಜಿಗೆ ಬಗ್ಗಿಸುವಾಗ, ಅತ್ತೆ ಹಿಂದಿನ ಕೋಣೆಯಿಂದ ಮಗುವಿನ ಚಾಪೆ, ಕೌದಿ, ದಿಂಬು ಎಲ್ಲ ತಬ್ಬಿಕೊಂಡು ಬಂದು ನಡುಮನೆಯಲ್ಲಿ ಹಾಕಿದ್ದು ಬಾಗಿಲ ಸಂದಿಯಲ್ಲಿ ಕಂಡಿತು. ಮತ್ತೆ ಹೋಗಿ ಟ್ರಂಕನ್ನು ಎಳೆದು ತಂದಳು. ಈ ಹೊತ್ತಲ್ಲಿ ಯಾಕೆ, ಎಂದು ಪ್ರಮೀಳಾ ಅಂದುಕೊಂಡಳಷ್ಟೆ. ಹಿತ್ತಲ ಬಾಗಿಲು ಕಿರುಗುಟ್ಟಿತು.

ದೊಪ್ಪೆಂದು ಸದ್ದಾದಾಗ ಮೊದಲು ಓಡಿದವಳು ಪ್ರಮೀಳಾ. ಮಗು ಅಂಗನವಾಡಿಗೆ ಹೋಗಿದೆ ಎಂದು ಗೊತ್ತಿದ್ದೂ ಓಡಿದಳು. ಕೋಣೆಯ ತುಂಬ ಧೂಳು, ಧೂಳಿನ ತುಂಬ ಬಿಸಿಲು. ಯಾವತ್ತೂ ಬೆಳಕು ಕಾಣದ ಆ ಕೋಣೆಯಲ್ಲಿ ಅವಳ ಮದುವೆ ಫೋಟೋದ ಗಾಜು ಮಿಂಚುತ್ತಿತ್ತು. ಗೋಡೆಯ ನಡುಭಾಗ ಸೊಂಟದೆತ್ತರಕ್ಕೆ ಕುಸಿದು ಕೂತಿತ್ತು. ಮೇಲಿನ ತೊಲೆ ಎರಡು ಕಂಬಗಳ ಮೇಲಿದ್ದುದರಿಂದ ಸೂರಿಗೆ ಏನೂ ಆಗಿರಲಿಲ್ಲ, ಒಂದೆರಡು ಹೆಂಚು ಜಾರಿದ್ದವು ಅಷ್ಟೆ. ಹೊಸದಾಗಿ ಮೆತ್ತಿದ ಮಣ್ಣು ಹಸಿ ರೊಟ್ಟಿಯಂತೆ ಮಡಿಚಿಕೊಂಡು ಬಿದ್ದಿತ್ತು, ಅದರ ಕೆಳಗಿನದೆಲ್ಲ ಬರೀ ಪುಡಿ. ಆ ಬಾಯಿಯಾಚೆ, ಬಿಸಿಲಲ್ಲಿ, ಬೀರಮ್ಮ. ಹಾರೆಯನ್ನು ಹುಲ್ಲಿನ ಮೆದೆಯೊಳಕ್ಕೆ ತುರುಕಿ, ಹುಲ್ಲು ಸರಿಮಾಡಿ ತಿರುಗಿದಳು. ಬಿಸಿಲಲ್ಲಿ ನಿಂತವಳಿಗೆ ಧೂಳಿನ ಹಿಂದಿನ ಪ್ರಮೀಳಾ ಕಾಣುವಂತಿರಲಿಲ್ಲ. ಅವಳು ಏದುಸಿರು ಬಿಡುತ್ತ ಗೋಡೆಯ ಹತ್ತಿರ ಬಂದಳು. ಬೀಳದೆ ಉಳಿದ ಅಂಚನ್ನು ಬಲಗೈಯಲ್ಲಿ ಮುಟ್ಟಿ, ಆ ಕೈಯನ್ನು ಕಣ್ಣಿಗೊತ್ತಿಕೊಂಡಳು. ತಿಳಿಯದೆ ಯಾರಿಗಾದರೂ ಕಾಲು ತಗುಲಿದರೆ ಒತ್ತಿಕೊಳ್ಳುತ್ತಾರಲ್ಲ, ಹಾಗೆ. ಒಂದು ಕಣ್ಣಿಗೆ, ಇನ್ನೊಂದು ಕಣ್ಣಿಗೆ. ಕೆನ್ನೆಯ ಮೇಲೆ ಮಣ್ಣು ಉಳಿಯಿತು. ಪ್ರಮೀಳಾ ಹಿಂದೆ ಸರಿದು, ಬಾಗಿಲ ಚೌಕಟ್ಟಿಗೆ ಬೆನ್ನು ತಾಗುವವರೆಗೂ ಸರಿದು, ಉಸಿರಾಡಲೂ ಹೆದರಿ ನಿಂತಳು. ಬೀರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಟಲು ಸರಿಮಾಡಿಕೊಂಡು, ಊರಿಗೆಲ್ಲ ಕೇಳುವಂತೆ ಕೂಗಿದಳು:

"ಅಯ್ಯಯ್ಯೋ, ಈ ಹಾಳ್ ಎಮ್ಮೆ ಮನೆ ಕೆಡವ್ಬುಡ್ತಲ್ಲಪ್ಪೋ! ಬೆನ್ನುಜ್ಜಿ ಉಜ್ಜಿ ಗ್ವಾಡೆಯ ಬೀಳುಸ್ಬುಡ್ತಲ್ಲಪ್ಪೋ!"

ಎಂಜಿನಿಯರ್, ಕುಳ್ಳಯ್ಯ ಓಡಿಬಂದರು. ಎಂಜಿನಿಯರ್ ಕುಸಿದ ಕಡೆ ಬಗ್ಗಿ ಒಂದು ಹೆಂಟೆ ತೆಗೆದು ಬೆರಳುಗಳ ನಡುವೆ ಒತ್ತಿದ. ಪುಡಿಯಾಯಿತು. "ಒಳಗೆಲ್ಲ ಗೆದ್ದಲು," ಎಂದ. ಅವನ ಮುಖ ಬಣ್ಣಗೆಟ್ಟಿತ್ತು. "ಇದರ ಪಕ್ಕ ಮಲಗ್ತಿದ್ರಾ?"

"ಮನಿಕ್ಕತಿದ್ದೊ ಸಾಮಿ. ಮಗಾನೂ ಇಲ್ಲೇ."

"ಎಮ್ಮೆ ಎಲ್ಲಮ್ಮ?"

"ಬೆದರಿ ಓಡೋಯ್ತು."

ಬೀದಿಯಾಚೆಯ ಹುಣಸೆ ಮರದ ಕಡೆಯಿಂದ ಎಮ್ಮೆಯೊಂದು ದೀರ್ಘವಾಗಿ ಕೂಗಿತು. ಆ ದನಿ ಯಾರ ಮನೆಯದೆಂದು ಇಬ್ಬರು ಹೆಂಗಸರಿಗೆ ಮಾತ್ರ ಗೊತ್ತಿತ್ತು. ಪ್ರಮೀಳಾ ಬೇಗ ಬೇಗ, "ಇನ್ನೊಂದು ಲೋಟ ಮಜ್ಜಿಗೆ ತಗೊಳ್ಳಿ ಸರ್, ಧೂಳು ಗಂಟಲಿಗೆ ಹೋಗಿರುತ್ತೆ," ಎಂದಳು. ಕುಳ್ಳಯ್ಯ ಮೆದೆಯನ್ನೂ ಗೋಡೆಯನ್ನೂ ನೋಡಿ, "ಬೀರಕ್ಕ, ನಿನ್ ಎಮ್ಮೆಗೆ ಸರ್ಕಾರ್ದೋರು ಶಾಲು ಒದಿಸ್ಬೇಕು ಕಣವ್ವ," ಎಂದ. "ನಿಂಗೆ ಒದ್ಸಿದ್ ಮ್ಯಾಲೆ ಉಳುದ್ರೆ ಒದಿಸ್ಲಿ ಬುಡು." ಎಂಜಿನಿಯರ್ ನಗಲಿಲ್ಲ. ಟೇಪು ಹಿಡಿದು ಅಳೆದ, ನಿಂತಲ್ಲೇ ಬರೆದ. ಹೊರಡುವಾಗ, "ಮಳೆಗೆ ಮುಂಚೆ ಮೊದಲ ಕಂತು ಬರೋ ಹಾಗೆ ನೋಡ್ತೀನಿ. ಅಲ್ಲೀವರೆಗೆ ಆ ಕೋಣೇಲಿ ಯಾರೂ ಮಲಗಬೇಡಿ," ಎಂದು ಪ್ರಮೀಳಾಗೆ ಹೇಳಿ, ಮತ್ತೆ ರಂಗೋಲಿಯ ಅಂಚಿನಲ್ಲೇ ಕಾಲಿಟ್ಟು ಹೋದ.

ಮಧ್ಯಾಹ್ನವೆಲ್ಲ ಇಬ್ಬರೂ ಮಣ್ಣು ಬಾಚಿದರು. ಬುಟ್ಟಿ ತುಂಬಿದಾಗ ಪ್ರಮೀಳಾ ಎತ್ತಿ ಕೊಡುವಳು, ಬೀರಮ್ಮ ಹೊರಗೆ ಸುರಿದು ಬರುವಳು. ನಡುವೆ ಒಮ್ಮೆ ಬೀರಮ್ಮ ಬುಟ್ಟಿಯನ್ನು ಮಂಡಿಯ ಮೇಲಿಟ್ಟುಕೊಂಡು ನಿಂತಳು.

"ಅಮ್ಮೀ, ಈಗೇನ್ ಬರ್ಕೊಂಡೋದ್ರು?"

"ಹಿಂದಿನ ಗೋಡೆ ಕುಸಿದಿದೆ ಅಂತ."

"ಅಷ್ಟೇಯಾ? ಮನೆ ಮ್ಯಾಲೆ ಏನೂ ಇಲ್ವಾ?"

"ಇಲ್ಲ ಅತ್ತೆ. ಮಿಕ್ಕಿದ್ದೆಲ್ಲ ಚೆನ್ನಾಗಿದೆ ಅಂತ ಬರೆದ್ರು."

ಎಂಜಿನಿಯರ್ ಬರೆದದ್ದನ್ನು ಅವಳು ಓದಿರಲಿಲ್ಲ. ತಾನು ಹೇಳಿದ್ದು ಸುಳ್ಳು ಎಂದು ಅವಳಿಗೆ ಆಮೇಲೆ ಹೊಳೆಯಿತು. ಹುಡುಕದೆ, ತೂಗದೆ, ಸೀದಾ ಬಂದ ಮಾತು. ಬೀರಮ್ಮ "ಹೂಂ" ಎಂದು ಬುಟ್ಟಿಯನ್ನು ತಲೆಗೇರಿಸಿದಳು. ಅವಳ ಕೆನ್ನೆಯ ಮಣ್ಣು ಹಾಗೇ ಇತ್ತು. ಒರೆಸಿಕೊಳ್ಳಿ ಎನ್ನಹೊರಟ ಪ್ರಮೀಳಾ ಬಗ್ಗಿ ಮತ್ತೆ ಮಣ್ಣು ಬಾಚತೊಡಗಿದಳು.

ನಟರಾಜು ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಸಸಿಯ ಬುಟ್ಟಿ ಇಳಿಸಿದವನು ಹಿಂದಿನ ಕೋಣೆಗೆ ಹೋಗಿ, ತನ್ನ ಮನೆಯೊಳಗಿಂದ ತನ್ನ ಹಿತ್ತಲನ್ನು ನೋಡುತ್ತ ಬೆಪ್ಪಾಗಿ ನಿಂತ. ಬೀರಮ್ಮ ಎಮ್ಮೆಯ ಕಥೆ ಹೇಳಿದಳು. ಕುಳ್ಳಯ್ಯ ಅದನ್ನು ಬಸ್‌ಸ್ಟಾಪಿನಲ್ಲೇ ಇನ್ನಷ್ಟು ಉಜ್ಜಿ ಹೇಳಿದ್ದ. ಮಧುಶ್ರೀ ಆಗಲೇ ನಡುಮನೆಯಲ್ಲಿ ಅಜ್ಜಿಯ ಚಾಪೆ ಹಿಡಿದು ಮಲಗಿದ್ದಳು. ಒಲೆಯ ಮುಂದೆ ಬೀರಮ್ಮ ಅವರಿಗೆ ಬೆನ್ನು ಮಾಡಿ ಮುದ್ದೆ ತೊಳಸುತ್ತಿದ್ದಳು. ನಟರಾಜು ಹೆಂಡತಿಯ ಹತ್ತಿರ ಬಂದು ದನಿ ತಗ್ಗಿಸಿದ.

"ಪ್ರಮೀಳಾ, ನಿಜ್ವಾಗ್ಲೂ ಎಮ್ಮೆಯೇನೆ? ನೀನೇ ಏನಾರ ಮಾಡ್ದಾ?"

ಒಲೆಯ ಮುಂದೆ ಕೋಲು ತಿರುಗುವುದು ನಿಂತಿತು. ಪ್ರಮೀಳಾ ಅತ್ತೆಯ ಬೆನ್ನನ್ನು ನೋಡಿದಳು. ಇವನಿಗೆ ಹೇಳಿದರೆ ನಕ್ಕಾನು, ಅವ್ವನನ್ನು ಹೊಗಳಿಯಾನು, ನಾಳೆ ನಲ್ಲಿಯ ಹತ್ತಿರ ಅದು ಬೀರಕ್ಕನ ಜಾಣತನವಾಗಿ ಹರಿದಾಡೀತು. ಆ ಕೈ ಕಣ್ಣಿಗೆ ಹೋದದ್ದು ಮಾತ್ರ ಯಾರಿಗೂ ಕಾಣದೆ ಹೋದೀತು. ಅದನ್ನು ಹೇಳಲು ತನ್ನ ಬಳಿ ಮಾತಿಲ್ಲ. ಇದ್ದರೂ ಅದು ತನ್ನದಲ್ಲ. ಅತ್ತೆಗೂ ತಾನು ಕಂಡದ್ದು ಗೊತ್ತಾಗಬಾರದು.

"ಎಮ್ಮೆಯೇ ರೀ," ಎಂದಳು. "ನಾನೇ ನೋಡಿದೆ."

ಬೀರಮ್ಮನ ಕೈಯಲ್ಲಿ ಕೋಲು ಮತ್ತೆ ತಿರುಗಿತು. ಪ್ರಮೀಳಾ ತಟ್ಟೆ ತೊಳೆಯಲು ಎದ್ದಳು. ಮಗಳು ದೊಡ್ಡವಳಾಗಿ ಕೇಳಿದರೂ ಇಷ್ಟೇ ಹೇಳುವುದು ಎಂದು ನಿಶ್ಚಯಿಸಿಕೊಂಡಳು.